ಲ್ಯಾಪ್‌ಟಾಪಿಗೆ ಸುಳಿ ನೋಡಿದ ನಮ್ಮ ಮಾವ

ಲ್ಯಾಪ್‌ಟಾಪಿನ ಹಲ್ಲು ಹಿಡಿದು ವಯಸ್ಸು ಹೇಳಿದ ವ್ಯಕ್ತಿ ಹುಣಸೂರು ತಾಲ್ಲೂಕಿನಲ್ಲಿ ಒಬ್ಬರೇ ಒಬ್ಬರಿದ್ದಾರೆಂದೂ, ಅವರು ನನ್ನ ಸ್ವಂತ ಸೋದರಮಾವನವರೇ ಆಗಿದ್ದಾರೆಂದೂ ಓದುಗ ಮಹಾಶಯರ ಅವಗಾಹನೆಗೆ ಈ ಮೂಲಕ ಸವಿನಯವಾಗಿ ತರಬಯಸುತ್ತೇನೆ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳವರು ತಮ್ಮಲ್ಲೂ ಅಂಥವರೊಬ್ಬರು ಇದ್ದಾರೆಂದು ಹೇಳಿಕೊಂಡಲ್ಲಿ ನನ್ನ ಆಕ್ಷೇಪಣೆ ಏನೂ ಇರುವುದಿಲ್ಲ. ಆದರೆ ಇರಲಾರರು!

ನಾನು ಹುಣಸೂರಿನ ಒಂದು ಕಚೇರಿಯಲ್ಲಿ ಪತ್ರಗಳನ್ನು ಸಿದ್ಧಪಡಿಸುವ ಕೆಲಸದವಳು. ಕಚೇರಿಯ ಪತ್ರವಲ್ಲದ ಬರಹವನ್ನು ಬರೆಯುತ್ತಿರುವುದು ಇದೇ ಮೊದಲು. ಆದಕಾರಣ, ನಗಬೇಕಾದ ಜಾಗದಲ್ಲಿ ನಗು ಬಾರದಿದ್ದಲ್ಲಿ ದಯಮಾಡಿ ಮನ್ನಿಸಿ ಮುಂದಕ್ಕೆ ಓದಬೇಕಾಗಿ ಕೋರಿಕೆ.

ಸದರಿ ಮಾವನವರ ಊರು ಹನಗೋಡಿನ ಸಮೀಪದಲ್ಲಿದೆ. ಸುತ್ತಲಿನ ಹಳ್ಳಿಗಳಲ್ಲಿ ಯಾರೇ ಎತ್ತು ಕೊಳ್ಳಲಿ, ಹಸು ಕೊಳ್ಳಲಿ, ಮೊದಲು ಇವರು ಹೋಗಿ ಸುಳಿ ನೋಡಬೇಕು. ದನದ ಮೈಮೇಲೆ ಕೂದಲು ಸುತ್ತಿಕೊಂಡಿರುವ ಯಾವ ಸುಳಿ ಎಲ್ಲಿದ್ದರೆ ಮನೆಗೆ ಒಳಿತು, ಎಲ್ಲಿದ್ದರೆ ಕೇಡು ಎಂಬುದು ಇವರಿಗೆ ಅಂಗೈ ಗೆರೆಯಷ್ಟೇ ಪರಿಚಿತ. ವಿಷಯ ಇಷ್ಟಕ್ಕೇ ನಿಂತಿದ್ದರೆ ಈ ಪ್ರಬಂಧವನ್ನು ಬರೆಯುವ ಪ್ರಮೇಯವೇ ಉದ್ಭವಿಸುತ್ತಿರಲಿಲ್ಲ. ಆದರೆ ಹೊಸ್ತಿಲು ದಾಟಿ ಒಳಗೆ ಬರುವ ಸಕಲ ವಸ್ತುಗಳಿಗೂ ಅವರು ಇದೇ ನಿಯಮವನ್ನು ವಿಸ್ತರಿಸಿದ್ದಾರೆ! ಫ್ರಿಜ್ಜು ಮನೆಗೆ ಬಂದ ದಿನ ಅದರ ಬೆನ್ನಿಗೆ ಅಂಗೈ ಇಟ್ಟು ನೋಡಿ, ತಂದವನನ್ನು ನಿಲ್ಲಿಸಿಕೊಂಡು ವಿಚಾರಿಸಿದರು: "ಮೈ ಸುಡ್ತಾ ಅದೆ ಕಣಯ್ಯ. ಜ್ವರ ಬಂದಿರೋ ಪದಾರ್ಥನ ನಮ್ಗ್ಯಾಕೆ ಮಾರ್ದೆ?"

ನನ್ನ ಅಕ್ಕನನ್ನು ನೋಡಲು ಪಿರಿಯಾಪಟ್ಟಣದಿಂದ ಮಾವನವರ ಮನೆಗೆ ಬಂದಿದ್ದ ವರನನ್ನೂ ಬಿಡಲಿಲ್ಲ. ಕೈಕಾಲು ತೊಳೆಯಲು ನೀರು ಕೊಡುವ ನೆಪದಲ್ಲಿ ಅಂಗಳದ ಆ ತುದಿಯಿಂದ ಈ ತುದಿಗೆ ನಡೆಸಿ ನೋಡಿ, "ಬಲಗಾಲು ಒಸಿ ಎಳೀತದೆ" ಎಂದು ವರನ ತಂದೆಯ ಸಮಕ್ಷಮದಲ್ಲೇ ವರದಿ ಸಲ್ಲಿಸಿದರು. ಹೊಸ ಚಪ್ಪಲಿ ಕಚ್ಚುತ್ತಿತ್ತೆಂಬ ಸಂಗತಿ ತಡವಾಗಿ ಬೆಳಕಿಗೆ ಬಂತು. ಮದುವೆಯೇನೋ ನೆರವೇರಿತು. ಆದರೆ ನಮ್ಮ ಭಾವನವರು ಇಂದಿಗೂ ಆ ಮನೆಯಲ್ಲಿ ಒಮ್ಮೆ ಕುಳಿತರೆಂದರೆ, ಮಾವನವರು ಹೊರಗೆ ಹೋಗುವವರೆಗೂ ಏಳುವುದಿಲ್ಲ!

ಈಗ ಪ್ರಸ್ತುತ ವಿಷಯಕ್ಕೆ ಬರುತ್ತೇನೆ. ಅತ್ತೆಯವರ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತ್ತು. ಮೈಸೂರಿನ ವೈದ್ಯರು ಸೂಜಿಯಿಂದ ಅದರ ಸ್ವಲ್ಪ ಭಾಗವನ್ನು ತೆಗೆದು ಪರೀಕ್ಷೆಗೆ ಕಳುಹಿಸಿದ್ದರು. ಫಲಿತಾಂಶಕ್ಕಾಗಿ ಮತ್ತೆ ಅಷ್ಟು ದೂರ ಬರುವುದು ಬೇಡ, ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ವಿಡಿಯೊ ಕರೆಯಲ್ಲೇ ಹೇಳುತ್ತೇನೆ, ಸ್ಕ್ಯಾನಿನ ಚಿತ್ರವನ್ನೂ ತೋರಿಸಬೇಕು, ದೊಡ್ಡ ಪರದೆ ಇರಲಿ, ಗಂಡ ಹೆಂಡತಿ ಇಬ್ಬರೂ ಇರಿ ಎಂದಿದ್ದರು. ಅದು ಕೆಟ್ಟ ಕಾಯಿಲೆಯ ಗಂಟೋ, ಅಲ್ಲವೋ? ಇದೊಂದೇ ಪ್ರಶ್ನೆ. ಆ ಕಾಯಿಲೆಯ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಮಾವನವರಂತೂ ಆಸ್ಪತ್ರೆಯಿಂದ ಹಿಂದಿರುಗಿದಂದಿನಿಂದ ಅತ್ತೆಯವರ ಮುಖವನ್ನೇ ನೋಡದೆ ಕೊಟ್ಟಿಗೆಯಲ್ಲೇ ಕಾಲ ನೂಕುತ್ತಿದ್ದರು.

ಗುರುವಾರ ನಾನು ರಜೆ ಹಾಕಿ, ನನ್ನ ಹೊಸ ಲ್ಯಾಪ್‌ಟಾಪನ್ನು ಎದೆಗವುಚಿಕೊಂಡು ಬಸ್ಸಿನಲ್ಲಿ ಬಂದೆ. ಬಿಚ್ಚಿದರೆ ಪುಸ್ತಕದಂತೆ, ಪೂರ್ತಿ ಹಿಂದಕ್ಕೆ ಮಡಚಿದರೆ ಸ್ಲೇಟಿನಂತೆ ಆಗುವ ನಮೂನೆಯದು. ಮಾವನವರು ಬಾಗಿಲಲ್ಲೇ ತಡೆದರು.

"ಒಳಕ್ಕೆ ತರ್ಬ್ಯಾಡ ಕಣಮ್ಮಿ. ಮೊದ್ಲು ಜಗಲಿ ಮ್ಯಾಲಿಕ್ಕು. ಸುಳಿ ನೋಡ್ಬೇಕು."

"ಮಾವ, ಇದು ದನ ಅಲ್ಲ. ಹನ್ನೊಂದಕ್ಕೆ ಡಾಕ್ಟ್ರು ಬರ್ತಾರೆ."

"ಬರ್ಲಿ. ಇವತ್ತೇ ಕಣಮ್ಮಿ ನೋಡ್ಬೇಕಾದದ್ದು. ಇಂತಾ ದಿನ ಗೊತ್ತುಗುರಿ ಇಲ್ದೆ ಇರೋದ್ನ ಮನೆ ಒಳಕ್ಕೆ ಬುಟ್ಕೊಂಡಾರಾ?"

ಗೋಡೆಯ ಗಡಿಯಾರ ಹತ್ತು ದಾಟಿತ್ತು. ವಾದಿಸಿದರೆ ಇನ್ನಷ್ಟು ವಿಳಂಬವಾಗುವುದೆಂದು ಮನಗಂಡು ಒಪ್ಪಿದೆ. ಅವರು ಮುಚ್ಚಳವನ್ನು ಎತ್ತಿ, ಕೀಲಿಮಣೆಯ ಮೇಲೆ ಬೆರಳಾಡಿಸಿ, "ಹಲ್ಲು ಪೂರಾ ಹುಟ್ಟವೆ. ಪ್ರಾಯ ಬಂದುಬುಟ್ಟದೆ" ಎಂದರು.

"ಹೊಸದು ಮಾವ! ಹೋದ ತಿಂಗಳು ತಗೊಂಡದ್ದು!"

"ಅಂಗಂತ ಮಾರ್ದೋನು ಹೇಳ್ದ. ಹಲ್ಲು ಸುಳ್ಳೇಳ್ತದಾ?"

ಮುಂದಿನದು ಬಲಮಗ್ಗುಲು. ಅಲ್ಲಿರುವ ಒಂದೊಂದು ತೂತಿಗೂ ನಾನು ಸಮಜಾಯಿಷಿ ನೀಡಬೇಕಾಯಿತು. ದುಂಡನೆಯ ತೂತು ಹೆಡ್‌ಫೋನಿನದು ಎಂದೆ. "ಕಿವಿ ಅನ್ನು. ಒಂದೇ ಕಿವಿಯಾ? ಅರೆಗಿವುಡು." ಸಣ್ಣ ಸೀಳು ಮೆಮೊರಿ ಕಾರ್ಡಿನದು ಎಂದೆ. "ಇಷ್ಟೇ ಬಾಯಿನಾ? ಇದು ಮೇವು ತಿನ್ನೋ ಪೈಕಿ ಅಲ್ಲ." ಅಗಲವಾದದ್ದು ಟಿವಿಗೆ ಜೋಡಿಸುವುದಕ್ಕೆ ಎಂದೆ. ಆ ಬಗ್ಗೆ ಅವರು ಯಾವುದೇ ಅಭಿಪ್ರಾಯವನ್ನು ವ್ಯಕ್ತಪಡಿಸಲಿಲ್ಲ. ಮೂಲೆಯಲ್ಲಿದ್ದ ಪುಟ್ಟ ಚೌಕದ ತೂತು ಏತಕ್ಕೆಂದು ನನಗೇ ತಿಳಿದಿರಲಿಲ್ಲ.

"ಮೂಗುದಾರಕ್ಕೆ" ಎಂದರು ಮಾವ.

ನಗು ತಡೆದುಕೊಂಡೆ. ಕದ್ದೊಯ್ಯದಂತೆ ಮೇಜಿಗೆ ಬಿಗಿಯುವ ತಂತಿಗೆಂದೇ ಆ ತೂತನ್ನು ಕೊರೆದಿರುತ್ತಾರೆಂದು ಅಂಗಡಿಯವರು ಆಮೇಲೆ ತಿಳಿಸಿದರು! ಅಂಚಿನಲ್ಲಿದ್ದ ಎರಡು ಗುಂಡಿಗಳ ಬಗ್ಗೆ ಮಾತ್ರ ನಾನು ಖಡಾಖಂಡಿತವಾಗಿ ಎಚ್ಚರಿಸಿದೆ: ಉದ್ದನೆಯದು ಧ್ವನಿ ಏರಿಸುವ ಇಳಿಸುವ ಗುಂಡಿ, ಪಕ್ಕದ ಮೋಟು ಗುಂಡಿ ಯಂತ್ರವನ್ನೇ ನಿಲ್ಲಿಸುವುದು, ಅದನ್ನು ಯಾರೂ ಮುಟ್ಟತಕ್ಕದ್ದಲ್ಲ.

"ಬೆನ್ನು ನೋಡ್ಬುಡವ" ಎಂದು ಮಾವನವರು ಪರದೆಯನ್ನು ಹಿಂದಕ್ಕೆ ಬಾಗಿಸಿದರು. ಎಲ್ಲಿಯಾದರೂ ನಿಂತೀತೆಂದು ಅವರು ಬಾಗಿಸುತ್ತಲೇ ಹೋದರು, ಅದು ಬಾಗುತ್ತಲೇ ಹೋಯಿತು. ಕಡೆಗೆ ಪರದೆ ಬೆನ್ನಿಗೆ ಅಂಟಿಕೊಂಡು, ಚಿತ್ರ ತಲೆಕೆಳಗಾಗಿ, ಹಲ್ಲೆಲ್ಲ ನೆಲಕ್ಕೆ ಮುಖಮಾಡಿದವು! ಅವರು ಕೈ ಬಿಟ್ಟು ಹಿಂದೆ ಸರಿದರು.

"ನಾನ್ ಮುರೀಲಿಲ್ಲ ಕಣಮ್ಮಿ! ಅದೇ ಮುರ್ಕೊಳ್ತು!"

"ಅದು ಇರೋದೇ ಹಾಗೆ ಮಾವ. ಹಿಂದಕ್ಕೆ ಮಡಚಿದಾಗ ಕೀಲಿಗಳು ಕೆಲಸ ಮಾಡಲ್ಲ, ಪರದೆ ಮುಟ್ಟಬೇಕು" ಎಂದು ಮತ್ತೆ ನೆಟ್ಟಗೆ ಮಾಡಿ ತೋರಿಸಿದೆ. ಅವರು ಬೆವರು ಒರೆಸಿಕೊಂಡು, ಬಲಮಗ್ಗುಲು ಮೊದಲು ಹೊಸ್ತಿಲು ದಾಟಬೇಕೆಂಬ ಷರತ್ತಿಗೊಳಪಟ್ಟು ಒಳಗೆ ಒಯ್ಯಲು ಅನುಮತಿ ನೀಡಿದರು.

ನಡುಮನೆಯ ಬೆಂಚಿನ ಎದುರು ಸ್ಟೂಲಿನ ಮೇಲೆ ಲ್ಯಾಪ್‌ಟಾಪನ್ನು ಇಟ್ಟೆ. ಆ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಕಿಟಕಿಯೊಂದರಲ್ಲೇ. ನನ್ನ ಫೋನನ್ನು ಅದರ ಸರಳುಗಳ ನಡುವೆ ಸಿಕ್ಕಿಸಿ, ಅದರಿಂದ ಇದಕ್ಕೆ ಸಂಪರ್ಕ ಕೊಟ್ಟೆ. ಅಷ್ಟರಲ್ಲಿ ಲ್ಯಾಪ್‌ಟಾಪಿನ ಎಡಮಗ್ಗುಲಿನಲ್ಲಿ ಸಾಸಿವೆಯಷ್ಟು ಗಾತ್ರದ ಕಿತ್ತಳೆ ದೀಪ ಮಿಣುಕತೊಡಗಿತು.

"ಕಣ್ ಹೊಡೀತಾ ಅದೆ" ಎಂದರು ಮಾವ.

ಬ್ಯಾಟರಿ ತೀರುತ್ತಾ ಬಂದಿದೆ! ಬಸ್ಸಿನ ಅವಸರದಲ್ಲಿ ಚಾರ್ಜು ಮಾಡುವುದನ್ನೇ ಮರೆತಿದ್ದೆ. ಗಡಬಡಿಸಿ ಚಾರ್ಜರು ತೆಗೆದೆ. ಎಡಮಗ್ಗುಲಿನಲ್ಲಿ ಅವಳಿಜವಳಿಯಂತೆ ಎರಡು ತೂತುಗಳು. ಒಂದರ ಪಕ್ಕದಲ್ಲಿ ಸಿಡಿಲಿನಂಥ ಸೊಟ್ಟ ಗೆರೆಯ ಗುರುತು, ಇನ್ನೊಂದರ ಪಕ್ಕ ಏನೂ ಇಲ್ಲ. ಗುರುತಿದ್ದ ತೂತಿನತ್ತ ಕೈ ಚಾಚಿದೆನೋ ಇಲ್ಲವೋ, ಮಾವನವರು ನನ್ನ ಮುಂಗೈ ಹಿಡಿದರು.

"ತಡಿ! ಸಿಡ್ಲು ಸುಳಿ! ಸಿಡ್ಲು ಗುರ್ತಿರೋದ್ನ ಇವತ್ತು ಮುಟ್ಟಾರಾ? ಪಕ್ಕದ್ದು ಯಾವ್ ಗುರ್ತೂ ಇಲ್ದೆ ಸಾಪಾಗದೆ, ಅದ್ಕಿಕ್ಕು."

ಎರಡೂ ಒಂದೇ ಅಳತೆಯವು. ಯಾವುದಾದರೇನು ಎಂದುಕೊಂಡು 'ಸಾಪಾದ' ತೂತಿಗೇ ಸಿಕ್ಕಿಸಿದೆ. ದೀಪ ಮಿಣುಕುತ್ತಲೇ ಇತ್ತು. ಮಿಣುಕುವುದೆಂದರೆ ಚಾರ್ಜು ಆಗುತ್ತಿದೆ ಎಂದೇ ಭಾವಿಸಿ, ವೈದ್ಯರು ಕಳುಹಿಸಿದ್ದ ಕೊಂಡಿಯನ್ನು ತೆರೆಯತೊಡಗಿದೆ. ಹನ್ನೊಂದಕ್ಕೆ ಸ್ವಲ್ಪವೇ ಬಾಕಿ ಇದ್ದಾಗ ಪರದೆ ಗಪ್ಪನೆ ಕಪ್ಪಾಯಿತು. ಆ ಸಾಸಿವೆ ದೀಪವೂ ಇಲ್ಲ!

"ಅಯ್ಯೋ, ದೀಪ ಆರೋಯ್ತು!" ಎಂದುಬಿಟ್ಟೆ.

"ಬುಡ್ತು ಅನ್ನು!" ಮಾವನವರ ಕೂಗಿಗೆ ಕೊಟ್ಟಿಗೆಯ ಎಮ್ಮೆಯೂ ಓಗೊಟ್ಟಿತು. "ಇವತ್ತಿನ್ ದಿನ ಅಂತಾ ಮಾತಾಡ್ತೀಯಾ? ಬುಡ್ತು ಅನ್ನಮ್ಮಿ ಮೊದ್ಲು!"

"ಬಿಡ್ತು ಬಿಡ್ತು" ಎಂದೆ. ಗುಂಡಿ ಒತ್ತಿದೆ. ಏನೂ ಇಲ್ಲ. ತಿರುಗಿ ಒತ್ತಿದೆ. ಮೈಸೂರಿನಲ್ಲಿ ವೈದ್ಯರು ಬಂದು ಕುಳಿತಿರುತ್ತಾರೆ, ಇವರು ಸಿಗಲಿಲ್ಲವೆಂದು ಮುಂದಿನ ರೋಗಿಗೆ ಹೋಗಿಬಿಡುತ್ತಾರೆ, ಮತ್ತೆ ಇನ್ನೆಷ್ಟು ದಿನ ಈ ಮನೆ ಹೀಗೆ ಉಸಿರು ಹಿಡಿದುಕೊಂಡು ಇರಬೇಕೋ! ನನ್ನ ಕಣ್ಣಲ್ಲಿ ನೀರೇ ಬಂತು.

ಅಷ್ಟು ಹೊತ್ತೂ ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಈಚೆ ಬಂದರು.

"ಆ ಗುರ್ತಿರೋ ತೂತ್ಗೇ ಇಕ್ಕವ್ವ."

"ಏ, ಸಿಡ್ಲು ಸುಳಿ ಕಣೇ ಅದು!" ಎಂದರು ಮಾವ.

"ಇರ್ಲಿ. ನನ್ ನೋಡಾಕ್ ಬಂದಾಗ, ಹೆಡಕಲ್ಲಿ ಕೆಟ್ಟ ಸುಳಿ ಅದೆ, ಈ ಹೆಣ್ಣು ಬಾಳಾಕಿಲ್ಲ ಅಂತ ನಿಮ್ಮಪ್ಪಾರು ನಮ್ಮನೆ ಜಗಲಿಯಿಂದ ಎದ್ದೋಗ್ಲಿಲ್ವಾ? ಅವ್ರ ಮಾತು ಮೀರಿ ಕಟ್ಕೊಂಡೋರು ಯಾರು? ಪಕ್ಕದ್ಮನೆಯೋರಾ?"

ಮಾವನವರು ಹೆಗಲ ಮೇಲಿನ ಟವೆಲನ್ನು ತೆಗೆದು ಸುಮ್ಮನೆ ಮಡಚಿದರು, ಬಿಚ್ಚಿದರು. ಹೆಡಕಿನ, ಅಂದರೆ ಕತ್ತಿನ ಹಿಂಭಾಗದ, ಆ ಸುಳಿಗೂ ಈಗ ಕುತ್ತಿಗೆಯಲ್ಲಿ ಎದ್ದಿರುವ ಗಂಟಿಗೂ ಇರುವ ಅಂತರ ಕೆಲವೇ ಬೆರಳುಗಳದೆಂಬುದು ಆಗಷ್ಟೇ ನನ್ನ ಗಮನಕ್ಕೆ ಬಂತು. ಇಷ್ಟು ದಿನ ಅವರು ಏತಕ್ಕೆ ಕೊಟ್ಟಿಗೆ ಸೇರಿದ್ದರೆಂಬುದೂ!

ಸಿಡಿಲಿನ ಗುರುತಿದ್ದ ತೂತಿಗೆ ಸಿಕ್ಕಿಸಿದೆ. ಕಿತ್ತಳೆ ದೀಪ ಹೊತ್ತಿಕೊಂಡಿತು. ಮಿಣುಕಲಿಲ್ಲ, ನೆಟ್ಟಗೆ ಉರಿಯಿತು.

ಯಂತ್ರ ಎಚ್ಚರಗೊಳ್ಳುವಷ್ಟರಲ್ಲಿ ಗಡಿಯಾರ ಹನ್ನೊಂದು ಹೊಡೆಯಿತು. ಕೊಂಡಿ ತೆರೆದೆ. ಮೊದಲು ವೈದ್ಯರ ಮುಖ, ಅದರ ಹಿಂದೆಯೇ ಬಾವಿಯೊಳಗಿಂದ ಬಂದಂಥ ಸಣ್ಣ ಧ್ವನಿ: "ಕೇಳಿಸ್ತಾ ಇದೆಯಾ? ನೀವು ನನಗೆ ಕಾಣಿಸ್ತಿಲ್ಲವಲ್ಲ."

"ಏನಂದ್ರು? ಏನಂದ್ರು?" ಎನ್ನುತ್ತಾ ಮಾವನವರು ಧ್ವನಿ ಏರಿಸಲೆಂದು ಅಂಚಿಗೆ ಕೈ ಹಾಕಿದರು. ಬೆರಳು ಹೋಗಿ ನಿಂತದ್ದು ಮೋಟು ಗುಂಡಿಯ ಮೇಲೆ! ಒತ್ತುವ ಮುಂಚೆಯೇ ಹಾರಿ ಅವರ ಕೈ ಹಿಡಿದೆ. ಕೊಂಬು ಬೀಸುವ ಹೋರಿಯ ಬಾಯಿಗೂ ಅಂಜದೆ ನುಗ್ಗುವ ಆ ಕೈ ಬಾವಿನೀರಿನಷ್ಟು ತಣ್ಣಗಿತ್ತು.

"ಅದಲ್ಲ ಮಾವ" ಎಂದೆ.

ಉದ್ದನೆಯ ಗುಂಡಿಯನ್ನು ನಾನೇ ಒತ್ತಿ ಧ್ವನಿ ಏರಿಸಿದೆ. ಪರದೆಯ ನೆತ್ತಿಯಲ್ಲಿ ಕ್ಯಾಮೆರಾವನ್ನು ಮುಚ್ಚಿಕೊಂಡಿದ್ದ ಅಕ್ಕಿಕಾಳಿನಷ್ಟು ಸಣ್ಣ ಬಾಗಿಲನ್ನು ಉಗುರಿನಿಂದ ಸರಿಸಿದೆ. ಅದರ ಮಗ್ಗುಲಲ್ಲಿ ಬಿಳಿ ದೀಪ ಹೊತ್ತಿಕೊಂಡಿತು. ವೈದ್ಯರು ಕನ್ನಡಕ ಸರಿಪಡಿಸಿಕೊಂಡು ನಮ್ಮತ್ತ ನೋಡಿದರು.

"ಈಗ ಅಮ್ಮ ಕಾಣಿಸ್ತಿದ್ದಾರೆ. ಯಜಮಾನರೆಲ್ಲಿ?"

ಯಜಮಾನರು ಬೆಂಚಿನ ಕೊಟ್ಟಕೊನೆಯಲ್ಲಿದ್ದರು. ಪರದೆಯಲ್ಲಿ ಅವರ ಪೈಕಿ ಒಂದು ಕಿವಿ ಮಾತ್ರ ಲಭ್ಯವಿತ್ತು.

"ಹತ್ತಿರ ಕೂತ್ಕೊಳ್ಳಿ. ಇನ್ನೂ ಹತ್ತಿರ. ಹ್ಞಾಂ, ಇನ್ನೂ."

ಓದುಗರು ಗಮನಿಸಬೇಕು: ಇವರ ಮದುವೆಯ ಫೋಟೊದಲ್ಲೂ ಇಬ್ಬರ ನಡುವೆ ಇನ್ನೊಬ್ಬರು ನಿಲ್ಲುವಷ್ಟು ಜಾಗ ಖಾಲಿ ಇದೆ. ಅಂಥವರು ಈಗ ವೈದ್ಯರ ಅಪ್ಪಣೆಯ ಮೇರೆಗೆ ಸರಿದು ಸರಿದು, ಭುಜಕ್ಕೆ ಭುಜ ತಾಗಿಸಿ ಕುಳಿತರು. ಅತ್ತೆ ಸೆರಗನ್ನು ಎಳೆದುಕೊಂಡರು. ಮಾವ ಉಸಿರಾಡುತ್ತಿದ್ದರೋ ಇಲ್ಲವೋ, ನಾನು ದೃಢೀಕರಿಸಲಾರೆ.

ಪರದೆಯಲ್ಲಿ ಬೂದುಬಣ್ಣದ ಮೋಡದಂಥ ಚಿತ್ರವೊಂದು ಮೂಡಿತು. "ನೋಡಿ ಅಮ್ಮ, ಇದೇ ಆ ಗಂಟು" ಎಂದರು ವೈದ್ಯರು. "ಹೆದರಬೇಡಿ. ಕೆಟ್ಟ ಕಾಯಿಲೆ ಅಲ್ಲ. ಗ್ರಂಥಿ ಊದಿಕೊಂಡಿದೆ ಅಷ್ಟೆ. ಮಾತ್ರೆ ಬರೆದು ಕಳಿಸ್ತೀನಿ, ಆಗಾಗ ನೋಡ್ತಾ ಇರೋಣ."



"ಸಾಮಿ" ಎಂದರು ಮಾವ. "ಅಂಗಾದ್ರೆ… ಬಾಳ್ತಾಳಾ?"

"ಬಾಳದೆ ಏನು? ನಿಮ್ಮನ್ನೂ ಬಾಳಿಸ್ತಾರೆ" ಎಂದು ವೈದ್ಯರು ನಕ್ಕು, ಕೈಮುಗಿದು ಹೊರಟರು. ಬಿಳಿ ದೀಪ ಹೋಯಿತು. ಸ್ವಲ್ಪ ಹೊತ್ತಿಗೆ ಪರದೆಯೂ ತಾನಾಗಿ ಕಪ್ಪಾಯಿತು.

ಅತ್ತೆ ಮೊಣಕೈಯಿಂದ ತಿವಿದರು. "ಡಾಕ್ಟ್ರು ಹೋದ್ರು. ಇನ್ನ ಏಳಿ ಅತ್ಲಾಗೆ. ಕೂಸು ನೋಡ್ತಾ ಅದೆ."

ಮಾವ ಅಲುಗಲಿಲ್ಲ. ಕಪ್ಪು ಪರದೆಯಲ್ಲಿ ಇಬ್ಬರ ಮುಖಗಳೂ ಕನ್ನಡಿಯಲ್ಲಿ ಕಂಡಂತೆ ಕಾಣುತ್ತಿದ್ದವು. ಅವರು ಅದರಲ್ಲಿ ಅತ್ತೆಯವರ ಮುಖವನ್ನೇ ನೋಡುತ್ತಿದ್ದರು.

"ನೋಡ್ಲಿ ಬುಡು" ಎಂದರು.

ನಾನು ಕಿಟಕಿಯಿಂದ ಫೋನು ತೆಗೆದುಕೊಂಡು ಜಗಲಿಗೆ ಹೋದೆ.