ಸುಯಶನ ರಾಜಾ ಫಾರ್ಮ್ಯಾಟ್

ಮಹಾಂತೇಶ ನಗರದ ಸುಯಶನಿಗೆ ಹೊಸ ಕ್ಯಾಮೆರಾ ಬಂದಾಗಿನಿಂದ ಹೆಂಡತಿಯ ಮಾತು ಕೇಳಿಸುವುದು ಇನ್ನಷ್ಟು ಕಡಿಮೆಯಾಗಿತ್ತು. ಖಾನಾಪುರದಲ್ಲಿ ನಡೆದ ಅತ್ತೆ-ಮಾವನ ಮದುವೆಯ ಐವತ್ತನೇ ವರ್ಷದ ಸಮಾರಂಭವನ್ನು ಅದರಲ್ಲೇ ಸೆರೆಹಿಡಿದಿದ್ದ. ಈಗ ಬಳಗಕ್ಕೆಲ್ಲ ತೋರಿಸುವ ಮಹಾಪ್ರದರ್ಶನಕ್ಕೆ ಹೊರಟಿದ್ದ.

"ರೀ, ಆ ವಿಡಿಯೋ ಕ್ಯಾಮೆರಾ ಕಂಪನಿದಷ್ಟ ಫಾರ್ಮ್ಯಾಟಿನ್ಯಾಗ ಐತಿ," ಅಂದಳು ಹೆಂಡತಿ ಶರ್ವರಿ. "ಅಪ್ಪನ ಟಿವಿಯೊಳಗ ನಡಿಯಂಗಿಲ್ಲ. ಎಲ್ಲಾ ಕಡೆ ನಡಿಯೂ ಓಪನ್ ಫಾರ್ಮ್ಯಾಟಿಗೆ ಬದಲಿ ಮಾಡ್ರಿ."

"ಓಪನ್ ಅಂದ್ರ ಸಂತಿ ಇದ್ದಂಗ, ಯಾರ ಬೇಕಾದ್ರೂ ನುಗ್ತಾರ. ನಂದು ರಾಜಾ ಫಾರ್ಮ್ಯಾಟ್!"

(ತೆಗೆದದ್ದನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ಮಹಾಕಲಾವಿದರು ತಮ್ಮ ಕೃತಿಯನ್ನು ತಪಾಸಣೆ ಮಾಡುವುದಿಲ್ಲ ಎಂಬುದು ಅವನ ಸಿದ್ಧಾಂತ.)

ಖಾನಾಪುರದ ಪಡಸಾಲೆಯಲ್ಲಿ ಬಳಗ ಜಮಖಾನೆ ತುಂಬ ಕೂತಿತ್ತು. ಸುಯಶ ಪೆನ್‌ಡ್ರೈವನ್ನು ಟಿವಿಗೆ ಚುಚ್ಚಿ, ಮುಖ್ಯ ಅತಿಥಿ ದೀಪ ಬೆಳಗುವ ಗತ್ತಿನಲ್ಲಿ ಗುಂಡಿ ಒತ್ತಿದ. ಧ್ವನಿ ಬಂತು. ಚಿತ್ರ ಬರಲಿಲ್ಲ. ಟಿವಿ ರೊಟ್ಟಿಯ ಹಂಚಿನಷ್ಟು ಕಪ್ಪಗಿತ್ತು.

"ಅಳಿಯಂದ್ರ, ಕರೆಂಟ್ ಹೋತೇನ್ರಿ?" ಮಾವ ತಾತ್ಯಾಸಾಹೇಬರು ಕೇಳಿದರು.

"ಟಿವಿ ಹಳೇದೈತ್ರಿ ಮಾವಾರ."

ನೋಡಲು ಏನೂ ಇಲ್ಲದ್ದರಿಂದ ಎಲ್ಲರೂ ಕಿವಿಗೊಟ್ಟು ಕೂತರು. ಟಿವಿಯೊಳಗೆ ಯಾರೋ ಫೋನಿನಲ್ಲಿ ಮಾತಾಡುತ್ತಿದ್ದರು: "ಸತ್ಯಪ್ಪಾ, ಊಟದ ಸುದ್ದಿ ಕೇಳಬ್ಯಾಡೋ ಮಾರಾಯ. ಅತ್ತಿ ಮನಿ ಹುಗ್ಗಿ ಅಂದ್ರ ಸಿಮೆಂಟ್! ಬಾಯಿ ಬಿಡಿಸಾಕ ಆಟೋ ನಗರದ ಗ್ಯಾರೇಜಿನಿಂದ ನಟ್ಟು ಬಿಚ್ಚೂ ಪಾನಾ ತರಬೇಕು. ಸಂಜೀಕ ಖಾಸಬಾಗಕ್ಕ ಬಾ, ಏನರ ತಿನ್ನೂಣು."

ಜಮಖಾನೆ ಮೇಲಿನ ತಲೆಗಳೆಲ್ಲ ಸುಯಶನ ಕಡೆ ತಿರುಗಿದವು.

"ಆ ಧ್ವನಿ ನಂದಲ್ಲ!" ಸುಯಶ ಎದೆ ಸೆಟೆಸಿದ. "ಈ ಮನಿಗೆ ಅಳಿಯಾ ನಾ ಒಬ್ಬನ ಏನು? ಚಿತ್ರ ಇದ್ದಿದ್ರ ಗೊತ್ತಾಗತಿತ್ತು. ಏನ್ ಮಾಡೂದು, ಚಿತ್ರಾನ ಇಲ್ಲ!"

ಅತ್ತೆ ಶಾಂತಮ್ಮ ನಿಧಾನಕ್ಕೆ ಸಣ್ಣ ಅಳಿಯನ ಕಡೆ ತಿರುಗಿದರು. ಪಾಪ, ಅವನಿಗೆ ಚಹಾ ನೆತ್ತಿಗೇರಿತು.

"ಚಿತ್ರ ಬೇಕೇನ್ರಿ?" ಶರ್ವರಿ ಎದ್ದಳು. "ನಿಮ್ಮ ಮರ್ಯಾದಿ ಹೋಗಬಾರದಂತ ನಿನ್ನೇನ ಓಪನ್ ಫಾರ್ಮ್ಯಾಟಿನ್ಯಾಗ ಒಂದು ಕಾಪಿ ಮಾಡೀನಿ."

ಅವನು ಅಡ್ಡ ಬರುವಷ್ಟರಲ್ಲಿ ಅವಳ ಪೆನ್‌ಡ್ರೈವ್ ಟಿವಿಯಲ್ಲಿತ್ತು. ಚಿತ್ರ ಬಂತು. ಎಂಥ ಚಿತ್ರ! ಗೋಡೆಯ ಕನ್ನಡಿಯಲ್ಲಿ, ಆರಿಸಲು ಮರೆತ ಕ್ಯಾಮೆರಾ ಒಂದು ಕೈಯಲ್ಲಿ ಹಿಡಿದು ಕಿವಿಗೆ ಫೋನ್ ಒತ್ತಿಕೊಂಡ ಸುಯಶ, ಮೀಸೆಯ ಒಂದೊಂದು ಕೂದಲೂ ಕಾಣುವಷ್ಟು ಸ್ಪಷ್ಟ. ಕ್ಯಾಮೆರಾ ಖರೇನೇ ಚೊಲೋ ಇತ್ತು.

ಶಾಂತಮ್ಮ ಸಿಟ್ಟಾಗಲಿಲ್ಲ. ನಕ್ಕರು, ಅದು ಇನ್ನೂ ಭಯಂಕರ. "ಶರೂ, ಇದು ಎಲ್ಲಾರ ಫೋನಿನ್ಯಾಗೂ ನಡೀತೇತೇನವಾ?"

"ಯಾವ ಫೋನಾದ್ರೂ ನಡೀತೇತವ್ವಾ."

"ಹಂಗಾರ ಕಳಸು. ಮೊದಲ ನಮ್ಮ ಬೀಗತಿಗೆ."

ಚಹಾದ ಕಪ್ಪು ಖಾಲಿಯಾಗುವ ಮೊದಲೇ ಸುಯಶನ ಫೋನ್ ರಿಂಗಾಯಿತು. ಮಹಾಂತೇಶ ನಗರದಿಂದ, ಅವನ ಹೆತ್ತ ತಾಯಿ.

"ಏನೋ ಸುಯಶಾ, ಸಿಮೆಂಟೇನೋ? ಆವತ್ತು ಬೀಗತಿ ಅಡಗಿ ಮನ್ಯಾಗ ಕುಂತು ಹುಗ್ಗಿ ಮಾಡಿದಾಕಿ ನಾನೋ!"