ಮೂರನೇ ವಾರ್ಡಿನ ಮೆದುಳಿನ ಸ್ಥಳ ಮಹಜರು

ಬಂಟ್ವಾಳ ತಾಲೂಕಿನ ಕುಂಟಾಲಗುಡ್ಡೆ ಗ್ರಾಮ ಪಂಚಾಯತಿನ ಮೂರನೇ ವಾರ್ಡು ಭಾರತದಲ್ಲಿದ್ದು, ಸದರಿ ವಾರ್ಡಿನ ಹೆಂಗಸರ ಮೆದುಳು ಮಾತ್ರ ಸೌದಿ ಅರೇಬಿಯಾದಲ್ಲಿ ಇರುತ್ತದೆ. ಇದು ಪಂಚಾಯತಿನಲ್ಲಿ ಸರ್ವಾನುಮತದಿಂದ ತೀರ್ಮಾನವಾದ ಸಂಗತಿಯಾದ್ದರಿಂದ ಚರ್ಚೆಗೆ ಅವಕಾಶವಿಲ್ಲ.

ಇಷ್ಟಕ್ಕೆಲ್ಲ ಕಾರಣ ಮುರ್ಶಿದಾಳ ಜಗಳ. ಅವಳ ಗಂಡ ಅಬ್ದುಲ್ ರವೂಫ್ ದಮ್ಮಾಮಿನ ಒಂದು ಸೂಪರ್ ಮಾರ್ಕೆಟಿನಲ್ಲಿ ಕ್ಯಾಶಿಯರ್. ಡ್ಯೂಟಿಯಲ್ಲಿ ಮೊಬೈಲ್ ಮುಟ್ಟುವ ಹಾಗಿಲ್ಲ. ಅಂಗಡಿ ಮುಚ್ಚಿ, ರೂಮಿಗೆ ಬಂದು ಅವನು ಫೋನ್ ಮಾಡುವಾಗ ಇಲ್ಲಿ ರಾತ್ರಿ ಒಂದು ಗಂಟೆ ದಾಟಿರುತ್ತದೆ. ಆಮೇಲೆ ಇಬ್ಬರೂ ಜಗಳ ಶುರುಮಾಡುತ್ತಾರೆ. ಮದುವೆಯಾದ ಮೇಲೆ ಒಟ್ಟಿಗೆ ಇದ್ದದ್ದಕ್ಕಿಂತ ಫೋನಿನಲ್ಲಿ ಇದ್ದದ್ದೇ ಹೆಚ್ಚು, ಹಾಗಾಗಿ ಸಂಸಾರವೆಲ್ಲ ಅದರಲ್ಲೇ ನಡೆಯಬೇಕು. ಮಗಳ ಟ್ಯೂಷನ್, ಬಚ್ಚಲಿನ ಶೀಟು, ನಾದಿನಿ ಮೊನ್ನೆ ಮೂಗು ಮುರಿದದ್ದು, ಅವನು ಊಟ ಬಿಟ್ಟು ಬರೀ ಚಾ ಕುಡಿದದ್ದು, ಯಾವುದಾದರೂ ಆಗುತ್ತದೆ. ಜಗಳ ಚೆನ್ನಾಗಿ ಆದ ದಿನ ಮುರ್ಶಿದಾಳಿಗೆ ದಿಂಬಿಗೆ ತಲೆ ಇಟ್ಟದ್ದೇ ಗೊತ್ತಾಗುವುದಿಲ್ಲ.

ತೊಂದರೆ ಇದ್ದದ್ದು ನೀರಿನದ್ದು. ಪಂಚಾಯತಿನ ನಳ್ಳಿಯಲ್ಲಿ ನೀರು ಬರುವುದು ಬೆಳಗ್ಗೆ ಐದೂವರೆಗೆ, ಹೋಗುವುದು ಆರಕ್ಕೆ. ಅವಳಿಗೆ ಎಚ್ಚರವಾಗುವಾಗ ನಳ್ಳಿ ಬರೀ ಗಾಳಿ ಉಗುಳುತ್ತಿರುತ್ತದೆ. ಮುಂಜಾನೆ ನಮಾಜಿಗೆ ಕರೆಯುವ ಸುಬಹಿ ಬಾಂಗಿಗೂ ಏಳಲಿಕ್ಕಾಗುವುದಿಲ್ಲ ಎಂಬ ಬೇಜಾರು ಬೇರೆ. ಮತ್ತೆ ಕೊಡಪಾನ ಸೊಂಟಕ್ಕೇರಿಸಿ ಗುಡ್ಡೆಯ ಕೆಳಗಿನ ಬಾವಿಗೆ ಹೋಗಬೇಕು. ಜಗಳವೂ ಬೇಕು, ನೀರೂ ಬೇಕು. ಒಂದು ಹೆಂಗಸು ಕೇಳಬಾರದ್ದನ್ನೇನೂ ಅವಳು ಕೇಳಿರಲಿಲ್ಲ.

ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿದಳು: "ನಮ್ಮ ವಾರ್ಡಿನಲ್ಲಿ ಎಲ್ಲರ ಗಂಡಂದಿರೂ ಗಲ್ಫಿನಲ್ಲೇ ಇರುವುದು. ನೀರು ಎಂಟು ಗಂಟೆಗೆ ಬಿಡಿ ಸರ್, ಸಾಕು."

ಪಿಡಿಒ ರುಕ್ಮಯ್ಯನವರು ನಿಯಮ ಕೇಳದೆ ಸೀನುವವರೂ ಅಲ್ಲ. "ಗಂಡನ ಫೋನಿನ ಕಾರಣಕ್ಕೆ ನೀರಿನ ಸಮಯ ಬದಲಿಸಲಿಕ್ಕೆ ಆಗುವುದಿಲ್ಲಮ್ಮ. ವೈಜ್ಞಾನಿಕ ಕಾರಣ ಉಂಟಾದರೆ ನೋಡುವ."

"ಇದಕ್ಕೆ ಖರ್ಚು ಉಂಟಾ ಸರ್?"

"ಇಲ್ಲ. ಅದೇ ತೊಂದರೆ. ಖರ್ಚಿಲ್ಲದ ಕೆಲಸಕ್ಕೆ ಮಂಜೂರಾತಿ ಕೊಡುವ ಕ್ರಮ ನಮ್ಮಲ್ಲಿಲ್ಲ."

ವೈಜ್ಞಾನಿಕ ಕಾರಣ ಮುಂದಿನ ತಿಂಗಳೇ ಮೂಡುಬಿದಿರೆ ಕಡೆಯಿಂದ ಜೀಪಿನಲ್ಲಿ ಬಂತು. ಒತ್ತಡ, ಖಿನ್ನತೆ ಮತ್ತು ದೇಹದ ಗಡಿಯಾರದ ಬಗ್ಗೆ ಸಂಶೋಧನೆ ಮಾಡುವ ಕೇಂದ್ರವೊಂದರ ಡಾ. ಶಿಶಿರ್ ಅದರಿಂದ ಇಳಿದರು. ಮನುಷ್ಯನ ಮೆದುಳಿನೊಳಗೆ ಅಕ್ಕಿಕಾಳಿನಷ್ಟು ಒಂದು ಗಡಿಯಾರ ಉಂಟು, ಅದು ಬೆಳಕು ನೋಡಿ ನಡೆಯುತ್ತದೆ, ಅದು ತಪ್ಪಿದರೆ ಮನಸ್ಸೂ ತಪ್ಪುತ್ತದೆ ಎಂದು ಅವರು ವಿವರಿಸಿದರು. ವಾರ್ಡಿನ ಹೆಂಗಸರಿಗೆಲ್ಲ ಕೈಗೆ ಕಟ್ಟಿಕೊಳ್ಳಲು ಒಂದೊಂದು ಪಟ್ಟಿ, ಉಗುಳಲು ಒಂದೊಂದು ಪ್ಲಾಸ್ಟಿಕ್ ಟ್ಯೂಬು ಸಿಕ್ಕಿತು. ಪಟ್ಟಿಯ ಕೆಲಸ ಸುಲಭದ್ದು. ಕೈ ಅಲ್ಲಾಡಿದರೆ ಎಚ್ಚರ, ಅಲ್ಲಾಡದಿದ್ದರೆ ನಿದ್ದೆ ಎಂದು ಅದು ನೇರವಾಗಿ ಡಾಕ್ಟರರ ಮೊಬೈಲಿಗೆ ಹೇಳುತ್ತದೆ.

"ಮನಸ್ಸಿಗೆ ಬೇಸರ ಆಗುವುದು ಯಾವಾಗ?" ಡಾಕ್ಟರರು ಮುರ್ಶಿದಾಳನ್ನು ಕೇಳಿದರು.

"ನೀರು ಹೋದ ಮೇಲೆ."

"ಕಾರಣವೇ ಇಲ್ಲದೆ ಬೇಸರ ಆಗುವುದು ಉಂಟಾ?"

"ಕಾರಣ ಇರುವ ಬೇಸರಕ್ಕೇ ಪುರುಸೊತ್ತು ಇಲ್ಲ ಡಾಕ್ಟ್ರೇ."

ಡಾಕ್ಟರರು 'ಉತ್ತರಿಸಲು ನಿರಾಕರಿಸಿದರು' ಎಂಬಲ್ಲಿ ಗುರುತು ಹಾಕಿದರು. ಉಗುಳು ಪರೀಕ್ಷೆಯಲ್ಲಿ, ಗಂಡನೊಡನೆ ಜಗಳವಾಡಿದ ಮೇಲೆ ಮುರ್ಶಿದಾಳ ಒತ್ತಡದ ಹಾರ್ಮೋನು ಇಳಿದದ್ದು ಕಂಡುಬಂತು. ಇದು ಯೋಜನೆಯ ಉದ್ದೇಶಕ್ಕೆ ಹೊಂದಿಕೆಯಾಗದ ಕಾರಣ ಆ ಟ್ಯೂಬುಗಳನ್ನು ತೊಳೆದು ಬೇರೆಯವರಿಗೆ ಕೊಡಲಾಯಿತು. ಅಂತೂ ಹೆಂಗಸರ ಒಳಗಿನ ಗಡಿಯಾರ ಸೌದಿಯ ಸಮಯಕ್ಕೆ ನಡೆಯುತ್ತದೆ ಎಂದು ವರದಿ ಬಂತು, ಪಂಚಾಯತು ಕೂತು ಹೀಗೆ ನಿರ್ಣಯಿಸಿತು:

"ಮೂರನೇ ವಾರ್ಡಿನ ಮಹಿಳೆಯರ ದೇಹವು ಪಂಚಾಯತ್ ವ್ಯಾಪ್ತಿಯಲ್ಲಿಯೂ, ಮೆದುಳು ಸೌದಿ ಅರೇಬಿಯಾದಲ್ಲಿಯೂ ಇರುವುದು ಕಂಡುಬಂದಿರುವುದರಿಂದ, ಸದರಿ ವಾರ್ಡಿಗೆ ಬೆಳಗ್ಗಿನ ಐದೂವರೆಯ ನೀರನ್ನು ಸೌದಿಯ ಐದೂವರೆಗೆ, ಅಂದರೆ ನಮ್ಮ ಎಂಟು ಗಂಟೆಗೆ ಬಿಡತಕ್ಕದ್ದು. ಗಂಡಂದಿರು ದುಬೈಯಲ್ಲಿ ಇರುವವರು ಹೊಂದಿಕೊಂಡು ಹೋಗತಕ್ಕದ್ದು."

ಮುರ್ಶಿದಾಳಿಗೆ ಖುಷಿಯೋ ಖುಷಿ. "ಹಾಗಾದರೆ ನಾಳೆಯಿಂದ ಎಂಟಕ್ಕೆ ಅಲ್ವಾ ಸರ್?"

"ಅದು ಹೇಗೆ? ಸ್ಥಳ ಮಹಜರು ಆಗಬೇಕಲ್ಲ," ರುಕ್ಮಯ್ಯ ಹೇಳಿದರು. "ವಸ್ತು ಎಲ್ಲಿ ಉಂಟೋ ಅಲ್ಲಿಗೇ ಹೋಗಿ ನೋಡಬೇಕು."

"ಇಲ್ಲೇ ಉಂಟಲ್ಲ," ಎಂದು ಮುರ್ಶಿದಾ ತಲೆ ಮುಟ್ಟಿ ತೋರಿಸಿದಳು.

"ಅದು ತಲೆ ಅಮ್ಮ. ಮೆದುಳು ದಮ್ಮಾಮಿನಲ್ಲಿ."

ಹಾಗೆ ಪಂಚಾಯತ್ ಅಧ್ಯಕ್ಷ ಸುಧಾಕರ, ಪಿಡಿಒ ರುಕ್ಮಯ್ಯ, ಡಾ. ಶಿಶಿರ್, ಮತ್ತು ತಾಂತ್ರಿಕ ಸಲಹೆಗಾರರಾಗಿ ಅಧ್ಯಕ್ಷರ ಭಾವ, ನಾಲ್ವರೂ ವಿಮಾನ ಹತ್ತಿದರು. ಅಲ್ಲಿ ಅವರಿಗೆ ಗುರುತಿದ್ದವನು ರವೂಫ್ ಒಬ್ಬನೇ. ಪಾಪ, ದಿನವಿಡೀ ನಿಂತು ಡ್ಯೂಟಿ ಮುಗಿಸಿದವನು ಗೆಳೆಯನ ಕಾರು ಬೇಡಿ ತಂದು, ಇವರನ್ನು ಸಮುದ್ರದ ಬದಿಗೆ, ಶಾಪಿಂಗ್ ಮಾಲಿಗೆ, 'ಮಂದಿ' ಎಂಬ ಅರಬಿ ಬಿರಿಯಾನಿಯ ಹೋಟೆಲಿಗೆ ತಿರುಗಿಸಿ ಬೆಳಗಾಗುವ ಹೊತ್ತಿಗೆ ರೂಮಿಗೆ ಬಿಡುತ್ತಿದ್ದ. ಊರಿನ ನೀರಿನ ಪ್ರಶ್ನೆ, ಬೇಡ ಎನ್ನುವುದು ಹೇಗೆ? ಮುರ್ಶಿದಾಳಿಗೆ ಮೆಸೇಜು ಮಾತ್ರ ಬರುತ್ತಿತ್ತು: "ಅಧ್ಯಕ್ಷರಿಗೆ ಅತ್ತರ್ ಬೇಕಂತೆ. ನಾಳೆ ಮಾತಾಡುವ."

ನಾಳೆಯೂ ಅದೇ ಮೆಸೇಜು, ಅತ್ತರಿನ ಜಾಗದಲ್ಲಿ ಖರ್ಜೂರ.

ಅವಳು ಕಾದಳು. ರಿಂಗು ತಪ್ಪಬಾರದೆಂದು ಮೊಬೈಲನ್ನು ಎದೆಯ ಮೇಲಿಟ್ಟು, ಅದು ಜಾರಬಾರದೆಂದು ಅಲ್ಲಾಡದೆ ಬಿದ್ದುಕೊಂಡಳು. ಕಣ್ಣು ಬಿಟ್ಟೇ ಇತ್ತು. ಬಾಂಗು ಕೇಳಿದಾಗ ಎದ್ದು ನಮಾಜು ಮಾಡಿದಳು, ಐದೂವರೆಗೆ ನಳ್ಳಿಯಡಿ ಕೊಡಪಾನ ಇಟ್ಟಳು. ಪಕ್ಕದ ಮನೆಯ ಜುಲೈಕಾ, "ಇದೆಂತ ಮಾರಾಯ್ತಿ, ಇಷ್ಟು ಬೇಗ?" ಎಂದಾಗ ಮುರ್ಶಿದಾ ತುಂಬಿದ ಕೊಡಪಾನ ಎತ್ತಿ ಸೊಂಟಕ್ಕಿಟ್ಟಳು. ಗಂಡನಿಗೆ ನಲ್ವತ್ತು ಸಲ ಬೈಯಬೇಕಾದ್ದು ಒಳಗೇ ಕೂತಿತ್ತು.

ದಮ್ಮಾಮಿನ ಸಮುದ್ರದ ಬದಿಯಲ್ಲಿ ಕೂತು ಡಾಕ್ಟರರು ಮೊಬೈಲ್ ನೋಡಿದರು. ಕೈಪಟ್ಟಿ ಕಳಿಸಿದ ಮುರ್ಶಿದಾಳ ಗೆರೆ ಗದ್ದೆಯ ಹಾಗೆ ಚಪ್ಪಟೆ. ಇಡೀ ರಾತ್ರಿ ಗಾಢ ನಿದ್ದೆ, ಮುಂಜಾನೆ ಸರಿಯಾಗಿ ಎಚ್ಚರ! ಮಹಜರು ಮಾಡುವುದರಿಂದಲೇ ಮೆದುಳು ಊರಿಗೆ ಮರಳುತ್ತದೆ ಎಂಬ ಮಹತ್ವದ ಸಂಗತಿ ಹೀಗೆ ಪತ್ತೆಯಾಯಿತು. ನೀರಿನ ಸಮಯ ಬದಲಿಸುವ ಅಗತ್ಯ ಇನ್ನಿಲ್ಲ, ಆದರೆ ಮಹಜರನ್ನು ನಿಲ್ಲಿಸಕೂಡದು, ತಂಡ ತಂಡವಾಗಿ ಮುಂದುವರಿಸತಕ್ಕದ್ದು ಎಂದು ಅಲ್ಲೇ ತೀರ್ಮಾನವಾಯಿತು. ಎರಡನೇ ತಂಡದಲ್ಲಿ ಹೋಗಲು ಉಪಾಧ್ಯಕ್ಷರ ಮನೆಯವರೆಲ್ಲ ಪಾಸ್‌ಪೋರ್ಟ್ ಮಾಡಿಸಿದರು. ಮುರ್ಶಿದಾಳಿಗೆ ಪಂಚಾಯತಿನಲ್ಲಿ ಶಾಲು ಹೊದೆಸಿ 'ಒತ್ತಡಮುಕ್ತ ಮಹಿಳೆ' ಎಂದು ಸನ್ಮಾನಿಸಲಾಯಿತು.

ಸನ್ಮಾನ ಮುಗಿದದ್ದೇ ಅವಳು ಅಧ್ಯಕ್ಷರನ್ನು ಹಿಡಿದಳು. "ಹೇಗೂ ಪುನಃ ಹೋಗ್ತೀರಲ್ಲ, ಅವರಿಗೆ ನನ್ನ ಪರವಾಗಿ ನಾಲ್ಕು ಬೈದು ಬನ್ನಿ."

"ಬೈಗುಳ ಲಿಖಿತವಾ, ಮೌಖಿಕವಾ?" ರುಕ್ಮಯ್ಯ ನಡುವೆ ಬಂದರು.

"ಬಾಯಲ್ಲೇ ಹೇಳಿ ಸರ್. ಬರೆದರೆ ಬಿಸಿ ಆರ್ತದೆ."

ನಿಯಮದಲ್ಲಿ ಬೇಡ ಎಂದು ಎಲ್ಲೂ ಇರಲಿಲ್ಲವಾದ್ದರಿಂದ ಅನುಮತಿ ಸಿಕ್ಕಿತು. ಕೂಡಲೇ ಜುಲೈಕಾ ಮತ್ತು ಉಳಿದವರೂ ತಮ್ಮ ತಮ್ಮ ಬೈಗುಳಗಳೊಂದಿಗೆ ಸಾಲು ನಿಂತರು. ಎರಡನೇ ತಂಡ ಹೋಗಿ ಬಂತು. ಅಧ್ಯಕ್ಷರು ಸಭಾಭವನದಲ್ಲಿ ಎದ್ದು ನಿಂತು ಓದುವ ದನಿಯಲ್ಲಿ ಹೇಳಿದರು: "ಮುರ್ಶಿದಾ ಅವರು ತಿಳಿಸಿದ್ದನ್ನು ಸದರಿ ಗಂಡನಿಗೆ ತಲುಪಿಸಲಾಯಿತು. ಅವರು 'ಅವಳ ಬಾಯಿ ಇನ್ನೂ ಕಮ್ಮಿ ಆಗಲಿಲ್ವಾ' ಎಂದು ಉತ್ತರಿಸಿ, ಕಣ್ಣು ಒರೆಸಿಕೊಂಡಿರುತ್ತಾರೆ."

ಮುರ್ಶಿದಾ ನಕ್ಕಳು. ಆ ರಾತ್ರಿ ಅವಳಿಗೆ ನಿದ್ದೆ ಬಂತು, ಎಂಥ ನಿದ್ದೆ! ಅವಳು ನಿದ್ದೆಯಲ್ಲಿ ಚಾಪೆಯ ಈ ತುದಿಯಿಂದ ಆ ತುದಿಗೆ ಉರುಳುವವಳು, ಕೈ ಬೀಸುವವಳು, ಗೋಡೆಗೆ ಒದೆಯುವವಳು. ಹಾಗೇ ಉರುಳಿ ಉರುಳಿ ಮಲಗಿದಳು, ನೀರು ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ.

ಪಟ್ಟಿ ನೋಡಿ ಡಾ. ಶಿಶಿರ್ ಹೌಹಾರಿದರು. ಒಂದು ಕ್ಷಣವೂ ನಿದ್ದೆಯಿಲ್ಲ, ಇಡೀ ರಾತ್ರಿ ಒದ್ದಾಟ! ಅಂದೇ ತುರ್ತು ಸಭೆ ಕರೆದು, ಸೌದಿಯಿಂದ ಗಂಡಂದಿರ ಉತ್ತರ ತರುವುದನ್ನು ಆರೋಗ್ಯದ ಹಿತದೃಷ್ಟಿಯಿಂದ ನಿಷೇಧಿಸಲಾಯಿತು. ಮುರ್ಶಿದಾ ತಕರಾರು ಮಾಡಲಿಲ್ಲ. ಡಾಕ್ಟರರಿಗೆ ಗೊತ್ತಿಲ್ಲದ್ದು ನಮಗೆ ಗೊತ್ತುಂಟಾ ಎಂದಳು, ಜುಲೈಕಾ ಹೌದು ಎಂದಳು.

ಐದನೇ ತಂಡ ಮೊನ್ನೆ ಹೊರಟಿತು. ಮೂರನೇ ವಾರ್ಡಿನ ಹೆಂಗಸರೆಲ್ಲ ಈಗ, ತಂಡಗಳನ್ನು ತಿರುಗಿಸುತ್ತಿರುವ ಗಂಡಂದಿರ ಫೋನಿಗೆ ಕಾಯುತ್ತಾ, ಎದೆಯ ಮೇಲೆ ಮೊಬೈಲ್ ಇಟ್ಟುಕೊಂಡು ಅಲ್ಲಾಡದೆ ಮಲಗುತ್ತಾರೆ, ಐದೂವರೆಗೆ ನೀರು ಹಿಡಿಯುತ್ತಾರೆ. ನಿದ್ದೆ ಹೇಗುಂಟು ಎಂದು ಯಾರಾದರೂ ಕೇಳಿದರೆ, ಪಂಚಾಯತಿನಲ್ಲಿ ಕೇಳಿ, ಒಳ್ಳೆದುಂಟಂತೆ ಎನ್ನುತ್ತಾರೆ.