ಹಾಳಾಗುತ್ತಿದ್ದ ಬಿಸಿಲು

ಕೆಲವರಿಗೆ ಹಾವು ಕಂಡರೆ ಎದೆ ಝಲ್ಲೆನ್ನುತ್ತದೆ. ನನಗೆ ಜನವಿಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನು ಕಂಡರೆ ಸಾಕು. ಮದುವೆಗೆ ಹೋದಲ್ಲಿಯೂ ದೀಪ ಆರಿಸುತ್ತಾ ತಿರುಗುವವನು ನಾನು. ಒಮ್ಮೆ ಹಾಗೆ ಆರಿಸಿದ್ದು ಬಚ್ಚಲಿನ ದೀಪವಾಗಿತ್ತು, ಒಳಗೆ ಮದುಮಗನ ಅಜ್ಜ ಇದ್ದರು, ಆ ವಿಷಯ ಬಿಡಿ. ಬಲ್ಮಠದ ಶಾಲೆಯಲ್ಲಿ ವಿಜ್ಞಾನ ಕಲಿಸುವುದು ಸಾಲದೆ, ಪಕ್ಕದ ಮನೆಯ ಫಿಲೋಮಿನಾ ಬಾಯಿಯವರಿಗೂ ಗೇಟಿನ ದೀಪದ ಬಗ್ಗೆ ಗೋಡೆಯ ಮೇಲಿಂದ ಪಾಠ ಮಾಡುತ್ತೇನೆ. ನಳ್ಳಿ ನೀರನ್ನು ಕರೆಂಟಿನಲ್ಲಿ ಟ್ಯಾಂಕಿಗೆ ಹತ್ತಿಸಬೇಕೆಂಬ ಒಂದೇ ಕಾರಣಕ್ಕೆ ನಮ್ಮ ಮನೆಗೆ ನಳ್ಳಿಯೇ ಬೇಡವೆಂದವನೂ ನಾನೇ.

ಜೆಪ್ಪುವಿನ ನಮ್ಮ ಮನೆ ಹೆಂಡತಿ ಸುಗುಣಳ ತಾಯಿಮನೆ. ಹಿತ್ತಲಲ್ಲಿ ಅವಳ ಮಲ್ಲಿಗೆ ತೋಟ, ಎರಡು ದನ, ಎಲ್ಲಕ್ಕೂ ಒಂದೇ ಬಾವಿ. ಕರೆಂಟಿನ ಪಂಪಿದ್ದಾಗ ನಾನು ಗಡಿಯಾರ ಹಿಡಿದು ನಿಂತು ದಿನಕ್ಕೆ ಕಾಲು ಗಂಟೆ ನೀರು ಬಿಡುತ್ತಿದ್ದೆ. ಈ ಬೇಸಗೆ ರಜೆಯಲ್ಲಿ ಸೋಲಾರ್ ಪಂಪು ಹಾಕಿಸಿದೆ. ಮೊದಲ ದಿನ ಕಾಲು ಗಂಟೆಗೇ ತೋಟ ಒದ್ದೆಯಾಯಿತು, ಪಂಪು ನಿಲ್ಲಿಸಿದೆ. ಆಮೇಲೆ ಶುರುವಾಯಿತು ನೋಡಿ ಸಂಕಟ! ಪ್ಯಾನೆಲ್ಲಿನ ಮೇಲೆ ಬಿಸಿಲು ಧಗಧಗ ಸುರಿಯುತ್ತಿದೆ, ಬಳಸುವವರೇ ಇಲ್ಲ.

"ಇಷ್ಟು ಬಿಸಿಲು ಸುಮ್ಮನೆ ಹಾಳಾಗ್ತಾ ಉಂಟಲ್ಲ ಸುಗುಣಾ!" ಎಂದೆ.

"ಬಿಸಿಲು ಹಾಳಾಗ್ಲಿಕ್ಕೆ ಅದು ಎಂತ ಹಾಲಾ ಮಾರಾಯ್ರೆ?" ಎಂದಳು ದನ ಸಾಕುವವಳು.

ಮರುದಿನದಿಂದ ಪಂಪು ಬೆಳಗಿನಿಂದ ಸಂಜೆಯವರೆಗೆ ಓಡಿತು. ಮಲ್ಲಿಗೆ ಮುಗಿದು ಬಾಳೆಗೆ, ಬಾಳೆ ಮುಗಿದು ತೆಂಗಿಗೆ, ತೆಂಗು ಸಾಕೆಂದ ಮೇಲೆ ಅಂಗಳಕ್ಕೆ. "ಮಲ್ಲಿಗೆಯ ಬೇರು ಕೊಳೀತದೆ, ನಿಲ್ಲಿಸಿ" ಎಂದು ಅವಳು ದಿನಾ ಹೇಳಿದಳು. "ಪುಕ್ಕಟೆ ಸೂರ್ಯ!" ಎಂದು ನಾನು ದಿನಾ ಹೇಳಿದೆ.

ಎಂಟನೆಯ ದಿನ ಮಧ್ಯಾಹ್ನ ಪಂಪು ವಿಚಿತ್ರವಾಗಿ ಊಳಿಟ್ಟಿತು. ಸುಗುಣ ಓಡಿಬಂದು ಕೊಡಪಾನ ಇಳಿಸಿದಳು. ಠಣ್! ಅಯ್ಯೋ ದೇವರೇ, ಆ ಸದ್ದು ಈಗಲೂ ಕಿವಿಯಲ್ಲಿದೆ. ಇಬ್ಬರೂ ಬಗ್ಗಿ ನೋಡಿದೆವು. ಬಾವಿಯ ತಳ ಕಾಣುತ್ತಿತ್ತು. ಅವಳ ಅಜ್ಜಿ ಯಾವ ಕಾಲದಲ್ಲೋ ಬಿಟ್ಟಿದ್ದ, ಸತ್ತೇ ಹೋಗಿದೆಯೆಂದು ನಾವೆಲ್ಲ ನಂಬಿದ್ದ ಆಮೆ ಕೆಸರಿನ ಮೇಲೆ ಕೂತು, ಕತ್ತು ಉದ್ದ ಮಾಡಿ ನನ್ನನ್ನೇ ನೋಡುತ್ತಿತ್ತು. ಶಾಲೆಗೆ ಇನ್‌ಸ್ಪೆಕ್ಟರು ಬಂದಾಗಲೂ ನಾನು ಅಷ್ಟು ನಡುಗಿದವನಲ್ಲ.

ಸುಗುಣ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ಅಜ್ಜಿಯ ಕಾಲದಿಂದ ಒಂದು ದಿನವೂ ಬತ್ತಿದ ಬಾವಿ ಅಲ್ಲ ಇದು" ಎಂದಳು. ಹಗ್ಗ ಬಿಚ್ಚಿ ಖಾಲಿ ಕೊಡಪಾನವನ್ನು ನನ್ನ ಕೈಗಿಟ್ಟಳು. ಹಿಂದೆ ದನಗಳೆರಡೂ ಖಾಲಿ ಬಾನಿಯನ್ನು ನೆಕ್ಕುತ್ತಿದ್ದವು.

ಕೊಡಪಾನ ಹಿಡಿದು ಗೋಡೆಯ ಹತ್ತಿರ ಹೋದೆ. ಫಿಲೋಮಿನಾ ಬಾಯಿ ಎಲ್ಲ ಕೇಳಿ, ತಮ್ಮ ಟ್ಯಾಂಕಿನ ಪೈಪು ಈಚೆ ಹಾಕಿದರು. "ತಕೊಳ್ಳಿ ಮಾಸ್ಟ್ರೇ. ಕರೆಂಟಿನಲ್ಲಿ ಹತ್ತಿಸಿದ ನೀರು. ನಿಮಗೆ ಆಗ್ತದಲ್ಲ?" ಎಂದರು. ಅವರ ಗೇಟಿನ ದೀಪ ಆ ನಡುಹಗಲಲ್ಲೂ ಉರಿಯುತ್ತಿತ್ತು. ನಾನು ಅದರ ಕಡೆ ನೋಡಲೇ ಇಲ್ಲ.

ನಾಲ್ಕು ದಿನ ಹೀಗೆ ನೀರು ಹೊತ್ತ ಮೇಲೆ ಬಾವಿಯಲ್ಲಿ ಒರತೆ ಬಂತು, ಆಮೆ ಮರೆಯಾಯಿತು. ನಾಲ್ಕು ಮಲ್ಲಿಗೆ ಗಿಡ ಮಾತ್ರ ಉಳಿಯಲಿಲ್ಲ. ಪಂಪಿನ ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಬಿದ್ದು, ಕೀಲಿಕೈ ಸುಗುಣಳ ಸೊಂಟ ಸೇರಿತು. ನೀರು ಮತ್ತೆ ದಿನಕ್ಕೆ ಕಾಲು ಗಂಟೆ.

ನಿನ್ನೆ ಮಧ್ಯಾಹ್ನ ಜಗಲಿಯಲ್ಲಿ ಕೂತು ಕೆಲಸವಿಲ್ಲದೆ ಹೊಳೆಯುವ ಪ್ಯಾನೆಲನ್ನು ನೋಡಿ ನಿಟ್ಟುಸಿರು ಬಿಟ್ಟೆ. ಹೂ ಕಟ್ಟುತ್ತಿದ್ದ ಸುಗುಣ ತಲೆ ಎತ್ತದೆ ಹೇಳಿದಳು: "ಅಷ್ಟು ಸಂಕಟ ಆಗುವುದಾದ್ರೆ ಹೋಗಿ ಸೂರ್ಯನನ್ನೇ ಆಫ್ ಮಾಡಿ ಬನ್ನಿ. ಸುಮ್ಮನೆ ಉರೀತಾ ಉಂಟು."

ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಅರ್ಧ ಎದ್ದೇಬಿಟ್ಟಿದ್ದೆ.